ಉಸಿರಿನೊಳಗೆ ಹೋದ ಪುಡಿಯ ಲೆಕ್ಕ

ಕಲಬುರಗಿಯ ಬ್ರಹ್ಮಪುರದಿಂದ ತಂದೆಯೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರ ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ. ಪ್ರಾಜೆಕ್ಟಿಗಾಗಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯನ್ನು ನ್ಯಾನೊ ಗಾತ್ರದಲ್ಲಿ ತಯಾರಿಸುತ್ತಾಳೆ. ಕುಲುಮೆಯಿಂದ ಬಂದ ಪುಡಿಯನ್ನು ಪುಟ್ಟ ಒರಳಿನಲ್ಲಿ ಅರೆದು, ತೂಗಿ, ಶೀಶೆಗೆ ತುಂಬುವುದು ದಿನದ ಕೆಲಸ. ಸಂಜೆ ಮನೆಗೆ ಬಂದಾಗ ದುಪಟ್ಟಾದ ಮೇಲೆ ತೆಳ್ಳನೆಯ ಬಿಳಿ ಧೂಳು. ‘ಪೇಂಟಿನಾಗ, ಪೌಡರಿನಾಗ ಇರೋದೇ ಅಪ್ಪಾ ಇದು, ಏನೂ ಆಗಂಗಿಲ್ಲ ಅಂತಾಳ್ರೀ. ಆದ್ರ ಅಷ್ಟು ಸಣ್ಣ ಪುಡಿ ಉಸಿರಿನಾಗ ಹೋದ್ರ ಏನರ ಆಗ್ತದೇನ್ರಿ?’ ಎಂದು ಕೇಳಿದ್ದಾರೆ. ಕಮಲಾಪುರದ ಹತ್ತಿರ ಇರುವ ತಮ್ಮ ಹೊಲದ ಬಗ್ಗೆಯೂ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿದ್ದಾರೆ. ಅದಕ್ಕೆ ಆಮೇಲೆ ಬರೋಣ.

ಮಗಳು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು.

ಒಂದು ಮೀಟರಿನ ನೂರು ಕೋಟಿಯ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ನಮ್ಮ ತಲೆಗೂದಲು ಸುಮಾರು 80 ಸಾವಿರ ನ್ಯಾನೊಮೀಟರ್ ದಪ್ಪ. ಒಂದರಿಂದ ನೂರು ನ್ಯಾನೊಮೀಟರಿನ ಒಳಗಿನ ಕಣಗಳನ್ನು ನ್ಯಾನೊ ಕಣ ಎನ್ನುತ್ತಾರೆ. ಇದೇನೂ ಹೊಸ ಪ್ರಾಣಿಯಲ್ಲ. ನಮ್ಮ ಅಜ್ಜಿಯರು ಹರಳೆಣ್ಣೆ ದೀಪದ ಮೇಲೆ ತಟ್ಟೆ ಮಗುಚಿ ಹಿಡಿದ ಕಾಡಿಗೆಯ ಮೂಲ ಕಣಗಳು ಕೆಲವೇ ಹತ್ತು ನ್ಯಾನೊಮೀಟರ್ ಅಗಲದವು. ವಾಹನಗಳ ಟೈರಿಗೆ ಬಲ ಕೊಡುವ ಮಸಿಯೂ ಅಷ್ಟೇ. ಈ ಪುಟದ ಕಪ್ಪಕ್ಷರಗಳಿಗೆ ಬಳಸುವ ಶಾಯಿಯಲ್ಲಿರುವುದೂ ಅಂಥದೇ ಮಸಿ. ಓದುಗರು ಪತ್ರಿಕೆಯನ್ನು ದೂರ ಇಡಬೇಕಿಲ್ಲ! ಆ ಕಣಗಳು ಎಣ್ಣೆಯಲ್ಲಿ ಬೆರೆತು ಕಾಗದಕ್ಕೆ ಅಂಟಿಕೊಂಡಿವೆ. ಅಂಟಿಕೊಂಡ ಕಣ ಮೂಗಿಗೆ ಬರುವುದಿಲ್ಲ. ಗೋಡೆಯ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಕೂಡ ಹಾಗೆ ಸೆರೆಯಲ್ಲಿದೆ. ಮಗಳ ಒರಳಿನಲ್ಲಿರುವುದು ಬಿಡಿ ಪುಡಿ. ಮೊದಲ ವ್ಯತ್ಯಾಸ ಇಲ್ಲಿದೆ.

ಈಗ ಆ ಬಿಡಿ ಪುಡಿಯ ಜೊತೆ ಮೂಗಿನೊಳಗೆ ಹೋಗೋಣ. ನಮ್ಮ ಶ್ವಾಸನಾಳ ತಲೆಕೆಳಗಾಗಿ ನೆಟ್ಟ ಮರದಂತೆ ಕವಲೊಡೆಯುತ್ತ ಹೋಗುತ್ತದೆ. ಕೊನೆಯ ರೆಂಬೆಗಳ ತುದಿಯಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಒಂದು ಬ್ಯಾಡ್ಮಿಂಟನ್ ಅಂಕಣದಷ್ಟು ಹರವು. ಹತ್ತು ಮೈಕ್ರಾನಿಗಿಂತ ದಪ್ಪನೆಯ ಧೂಳು, ಅಂದರೆ ತೊಗರಿಬೇಳೆ ಗಿರಣಿಯ ಸುತ್ತ ಕಣ್ಣಿಗೆ ಕಾಣುವಂಥದ್ದು, ಬಹುಮಟ್ಟಿಗೆ ಮೂಗು ಗಂಟಲಿನಲ್ಲೇ ಸಿಕ್ಕಿಬೀಳುತ್ತದೆ. ಸೀನು, ಕೆಮ್ಮು, ಕಫ ಅದನ್ನು ಹೊರಹಾಕುತ್ತವೆ. ಸಣ್ಣ ಕಣ ಇನ್ನೂ ಕೆಳಗೆ ಇಳಿಯುತ್ತದೆ. ಹಾಗಾದರೆ ಸಣ್ಣದಾದಷ್ಟೂ ಕೆಳಗೆ ಹೋಗುತ್ತದೆಯೇ? ಇಲ್ಲ. ಸುಮಾರು 300 ನ್ಯಾನೊಮೀಟರಿನ ಕಣಗಳಲ್ಲಿ ಹೆಚ್ಚಿನವು ಒಳಗೆ ಹೋದ ಹಾಗೆಯೇ ಉಸಿರಿನೊಡನೆ ಹೊರಬರುತ್ತವೆ. ಅವು ತಮ್ಮ ಭಾರಕ್ಕೆ ಕೆಳಗೆ ಕೂರುವಷ್ಟು ದೊಡ್ಡವಲ್ಲ, ಗಾಳಿಯ ಅಣುಗಳ ಏಟಿಗೆ ಅತ್ತಿತ್ತ ಓಲಾಡಿ ಗೋಡೆಗೆ ತಗಲುವಷ್ಟು ಸಣ್ಣವೂ ಅಲ್ಲ. ಅದಕ್ಕಿಂತ ಸಣ್ಣದಾದರೆ ಆ ಓಲಾಟ ಜೋರಾಗುತ್ತದೆ. 20 ನ್ಯಾನೊಮೀಟರಿನ ಆಸುಪಾಸಿನ ಕಣಗಳನ್ನು ಉಸಿರಾಡಿದರೆ ಅವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಗಾಳಿಗೂಡಿನಲ್ಲೇ ಕೂರುತ್ತವೆ ಎಂದು ಲೆಕ್ಕ. ಇನ್ನೂ ಸಣ್ಣದು, ಒಂದೇ ನ್ಯಾನೊಮೀಟರಿನದು, ಮತ್ತೆ ಮೂಗಿನಲ್ಲೇ ಸಿಕ್ಕಿಬೀಳುತ್ತದೆ.

ಗಾಳಿಗೂಡಿನಲ್ಲಿ ಸೀನು ಕೆಮ್ಮಿನ ಸೌಲಭ್ಯವಿಲ್ಲ. ಅಲ್ಲಿ ಕಸ ಗುಡಿಸುವ ಕೆಲಸ ಭಕ್ಷಕ ಕೋಶಗಳದ್ದು. ಅವು ತೆವಳುತ್ತ ಬಂದು ಕಣವನ್ನು ನುಂಗಿ ಹೊತ್ತೊಯ್ಯುತ್ತವೆ. ನುಂಗಿದ್ದು ಜೀರ್ಣವಾಗದಿದ್ದರೆ, ನುಂಗಿದವರನ್ನೇ ಕೊಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆಯಿದೆ.

ಕೋಲಾರದ ಚಿನ್ನದ ಗಣಿಗಳಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲನ್ನು ಕೊರೆದಾಗ, ಸಿಡಿಸಿದಾಗ ಏಳುವ ಸಿಲಿಕಾ ಧೂಳು ಭಕ್ಷಕ ಕೋಶಗಳನ್ನು ಸಾಯಿಸುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಧೂಳನ್ನು ಮತ್ತೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಮೆತ್ತನೆಯ ಶ್ವಾಸಕೋಶದಲ್ಲಿ ಗಾಯ ಮಾಗಿದ ಗಂಟುಗಳೇಳುತ್ತವೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು; ಗುಣವಾಗುವ ಔಷಧ ಇಂದಿಗೂ ಇಲ್ಲ. ಕೆ.ಜಿ.ಎಫ್.ನಲ್ಲಿ ಆಧುನಿಕ ಗಣಿಗಾರಿಕೆ ಶುರುವಾದದ್ದು 1880ರ ದಶಕದಲ್ಲಿ. ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿ, ಅವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಇದೆಯೆಂಬ ವರದಿ ಬಂದದ್ದು 1947ರಲ್ಲಿ. ನಡುವೆ 60 ವರ್ಷ ಕಳೆದಿತ್ತು. ಭಾರತದಲ್ಲಿ ಸಿಲಿಕೋಸಿಸ್ ಎಂದರೆ ವೈದ್ಯಕೀಯ ಪಠ್ಯಪುಸ್ತಕಗಳು ಮೊದಲು ಹೆಸರಿಸುವುದು ಇದೇ ಗಣಿಗಳನ್ನು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು.

ಸಿಲಿಕಾ ಧೂಳು ನ್ಯಾನೊ ಕಣವೇನಲ್ಲ, ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಆದರೂ ಅದನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಅಲ್ಲಿ ಮೊದಲು ಶ್ವಾಸಕೋಶ ತುಂಬಿತು, ಆಮೇಲೆ ಲೆಕ್ಕ ಹಾಕಿದರು. ಕಲ್ನಾರಿನ ಕತೆಯೂ ಹೀಗೇ. ನ್ಯಾನೊ ಪುಡಿಗಳ ವಿಷಯದಲ್ಲಿ ಮೊದಲೇ ಲೆಕ್ಕ ಹಾಕೋಣ ಎಂಬ ಹಠ ವಿಜ್ಞಾನಿಗಳಲ್ಲಿ ಹುಟ್ಟಿದ್ದಕ್ಕೆ ಈ ಹಳೆಯ ಕತೆಗಳೇ ಕಾರಣ. ನಮ್ಮಲ್ಲಿ ಕೇಂದ್ರ ಸರ್ಕಾರದ ನ್ಯಾನೊ ಮಿಷನ್ ಶುರುವಾದದ್ದು 2007ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಗಳಲ್ಲಿ ಈ ವಿದ್ಯೆ ಬಹಳ ಬೆಳೆದಿದೆ. ಈಗ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲೂ ಎಂ.ಎಸ್ಸಿ. ಪ್ರಾಜೆಕ್ಟ್ ಎಂದರೆ ನ್ಯಾನೊ ಎನ್ನುವಂತಾಗಿದೆ.

ಲೆಕ್ಕ ಹೇಗೆ ಹಾಕುತ್ತಾರೆ? ಧೂಳನ್ನು ನಾವು ಹಿಂದಿನಿಂದಲೂ ತೂಕದಲ್ಲಿ ಅಳೆಯುತ್ತ ಬಂದಿದ್ದೇವೆ. ಒಂದು ಘನಮೀಟರ್ ಗಾಳಿಯಲ್ಲಿ ಇಷ್ಟು ಮಿಲಿಗ್ರಾಂ ಎಂದು. ನ್ಯಾನೊ ಪುಡಿಗೆ ಈ ತಕ್ಕಡಿ ಸುಳ್ಳು ಹೇಳುತ್ತದೆ. ವಿದ್ಯಾರ್ಥಿಗಳು ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು ಸೆಂಟಿಮೀಟರಿನ ಬೆಲ್ಲದ ಚೌಕಾಕಾರದ ತುಂಡು ಎಂದುಕೊಳ್ಳಿ. ಅದರ ಆರು ಮೈಗಳ ಹರವು 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಮಿಲಿಮೀಟರಿನ ಸಾವಿರ ತುಂಡು ಮಾಡಿದರೆ ಹರವು 60 ಚದರ ಸೆಂಟಿಮೀಟರ್. ತೂಕ ಮಾತ್ರ ಅಷ್ಟೇ. ನೂರು ನ್ಯಾನೊಮೀಟರಿನ ತುಂಡುಗಳನ್ನಾಗಿ ಮಾಡುವ ಕತ್ತರಿ ಇದ್ದರೆ ಹರವು 60 ಚದರ ಮೀಟರ್ ಆಗುತ್ತದೆ. ಒಂದು ಸಣ್ಣ ಮನೆಯ ನೆಲದಷ್ಟು! ಶ್ವಾಸಕೋಶಕ್ಕೆ ತಾಗುವುದು ಕಣದ ಮೈ, ಅದರ ಹೊಟ್ಟೆಯಲ್ಲ. ರಾಸಾಯನಿಕ ಕ್ರಿಯೆಯೆಲ್ಲ ನಡೆಯುವುದು ಆ ಮೈಮೇಲೆಯೇ. ನ್ಯಾನೊ ಪುಡಿಯನ್ನು ಉದ್ಯಮಗಳು ಮೆಚ್ಚುವುದಕ್ಕೂ ವೈದ್ಯರು ಅನುಮಾನಿಸುವುದಕ್ಕೂ ಇರುವ ಕಾರಣ ಒಂದೇ.

ಇದನ್ನು ತೋರಿಸಿಕೊಟ್ಟ ಪ್ರಯೋಗ ನಡೆದದ್ದು ಮಗಳ ಒರಳಿನಲ್ಲಿರುವ ಟೈಟಾನಿಯಂ ಡೈಆಕ್ಸೈಡಿನಿಂದಲೇ. 1990ರ ದಶಕದ ಆರಂಭದಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಗುಂಟರ್ ಓಬರ್‌ಡಾರ್‌ಸ್ಟರ್ ಮತ್ತು ಸಂಗಡಿಗರು ಇಲಿಗಳಿಗೆ ವಾರಗಟ್ಟಲೆ ಈ ಪುಡಿ ಬೆರೆಸಿದ ಗಾಳಿ ಕೊಟ್ಟರು. ಒಂದು ಗುಂಪಿಗೆ ಸುಮಾರು 250 ನ್ಯಾನೊಮೀಟರಿನ ಕಣ, ಇನ್ನೊಂದಕ್ಕೆ ಸುಮಾರು 20 ನ್ಯಾನೊಮೀಟರಿನ ಕಣ. ತೂಕ ಹೆಚ್ಚುಕಡಿಮೆ ಸಮ. ಸಣ್ಣ ಕಣ ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ಬಹಳ ಹೆಚ್ಚು. ಕಣಗಳು ಗಾಳಿಗೂಡಿನ ಗೋಡೆಯೊಳಗೂ ಹೊಕ್ಕಿದ್ದವು. ಫಲಿತಾಂಶಗಳನ್ನು ತೂಕದ ಬದಲು ಮೈ ಹರವಿನ ಲೆಕ್ಕಕ್ಕೆ ತಿರುಗಿಸಿದಾಗ ಎರಡೂ ಗುಂಪುಗಳು ಒಂದೇ ಗೆರೆಗೆ ಬಂದವು.

ಇದರ ಪರಿಣಾಮವಾಗಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 2011ರಲ್ಲಿ ಒಂದೇ ವಸ್ತುವಿಗೆ ಎರಡು ಮಿತಿಗಳನ್ನು ಸೂಚಿಸಿತು. ಸಾಮಾನ್ಯ ಟೈಟಾನಿಯಂ ಡೈಆಕ್ಸೈಡ್ ಧೂಳಿಗೆ ಘನಮೀಟರಿಗೆ 2.4 ಮಿಲಿಗ್ರಾಂ, ನ್ಯಾನೊ ಗಾತ್ರದ್ದಕ್ಕೆ 0.3 ಮಿಲಿಗ್ರಾಂ. ಎಂಟು ಪಟ್ಟು ಬಿಗಿ. ಕೆಲಸಗಾರನೊಬ್ಬ ಒಂದು ಪಾಳಿಯಲ್ಲಿ ಸುಮಾರು 10 ಘನಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅಂದರೆ ಇಡೀ ದಿನಕ್ಕೆ 3 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪು ಇದರ ನೂರು ಪಟ್ಟು ತೂಗಬಹುದು. ‘ಪೇಂಟಿನಾಗ ಇರೋದೇ’ ಎಂಬ ಮಾತು ಅರ್ಧ ನಿಜ ಎಂದದ್ದು ಇದಕ್ಕೇ. ವಸ್ತು ಅದೇ, ಗಾತ್ರ ಬೇರೆ, ಲೆಕ್ಕ ಬೇರೆ.

ಇಷ್ಟಕ್ಕೇ ಗಾಬರಿಯಾಗಬೇಡಿ. ಲೆಕ್ಕದ ಇನ್ನೊಂದು ಪಕ್ಕವನ್ನೂ ನೋಡಬೇಕು. ಇಲಿ ಮನುಷ್ಯನಲ್ಲ. ಭಾರೀ ಪ್ರಮಾಣದ ಧೂಳು ಕೊಟ್ಟರೆ ಇಲಿಯ ಭಕ್ಷಕ ಕೋಶಗಳು ತುಂಬಿ ಮುಷ್ಕರ ಹೂಡುತ್ತವೆ, ಶ್ವಾಸಕೋಶದಲ್ಲಿ ಗಡ್ಡೆಗಳು ಬರುತ್ತವೆ. ಅದೇ ಧೂಳು ಕೊಟ್ಟ ಹ್ಯಾಮ್‌ಸ್ಟರ್‌ಗಳಲ್ಲಿ ಹಾಗಾಗುವುದಿಲ್ಲ. ಟೈಟಾನಿಯಂ ಡೈಆಕ್ಸೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2006ರಲ್ಲಿ ‘ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ಗುಂಪಿಗೆ ಸೇರಿಸಿದ್ದು ಮುಖ್ಯವಾಗಿ ಇಲಿಗಳ ಸಾಕ್ಷ್ಯದಿಂದ. ಕಾರ್ಖಾನೆ ಕಾರ್ಮಿಕರಲ್ಲಿ ಸಿಕ್ಕ ಸಾಕ್ಷ್ಯ ಸಾಲದೆಂದು ಅದೇ ಸಮಿತಿ ಹೇಳಿತ್ತು. ಹೀಗಿದ್ದೂ ಯಾವ ಪ್ರಾಣಿಯನ್ನು ನಂಬಬೇಕು ಎಂಬ ಜಗಳ ಮುಗಿದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಜಗಳ ಮುಗಿಯುವ ತನಕ ಇಲಿಯ ಪಕ್ಷ ವಹಿಸುವುದೇ ಲೇಸು.

ಇನ್ನು ಆಕಾರ. ಗುಂಡನೆಯ ಕಣಕ್ಕೂ ಸೂಜಿಯಂಥ ಕಣಕ್ಕೂ ಅಜಗಜಾಂತರ. ಇಂಗಾಲದ ನ್ಯಾನೊ ಕೊಳವೆಗಳು ಉಕ್ಕಿಗಿಂತ ಗಟ್ಟಿ, ಹಗುರ. ವಿಜ್ಞಾನಿಗಳಿಗೆ ಬಹಳ ಪ್ರಿಯ. ಅವುಗಳಲ್ಲಿ ಕೆಲವು ಉದ್ದ ಮತ್ತು ಬಿರುಸು. ಭಕ್ಷಕ ಕೋಶಕ್ಕಿಂತ ಕೊಳವೆಯೇ ಉದ್ದವಾದರೆ ಅದನ್ನು ನುಂಗುವುದು ಹೇಗೆ? ಬಾಯಿಗೆ ಅಡ್ಡಲಾಗಿ ಕಬ್ಬಿನ ಜಲ್ಲೆ ಹಿಡಿದಂತೆ. ಕಲ್ನಾರಿನ ಎಳೆ ಕೊಡುವ ತೊಂದರೆಯೂ ಇದೇ. 2008ರಲ್ಲಿ ಎಡಿನ್‌ಬರೋದ ಕೆನ್ ಡೊನಾಲ್ಡ್‌ಸನ್ ತಂಡ ಉದ್ದನೆಯ ನ್ಯಾನೊ ಕೊಳವೆಗಳನ್ನು ಇಲಿಮರಿಗಿಂತ ಸ್ವಲ್ಪ ದೊಡ್ಡವಾದ ಸುಂಡಿಲಿಗಳ ಉದರಕ್ಕೆ ಚುಚ್ಚಿದಾಗ ಕಲ್ನಾರಿನಂಥದೇ ಉರಿಯೂತ ಕಂಡಿತು; ಮೋಟು, ಸಿಕ್ಕುಸಿಕ್ಕಾದ ಕೊಳವೆಗಳಿಂದ ಹಾಗೆ ಆಗಲಿಲ್ಲ. ಚುಚ್ಚುವುದು ಬೇರೆ, ಉಸಿರಾಡುವುದು ಬೇರೆ ಎಂಬುದು ನಿಜ. ಆದರೂ ಎಚ್ಚರಿಕೆಗೆ ಅಷ್ಟು ಸಾಕಾಯಿತು. 2013ರಲ್ಲಿ ನಿಯೋಶ್ ಈ ಕೊಳವೆಗಳಿಗೆ ಸೂಚಿಸಿದ ಮಿತಿ ಘನಮೀಟರಿಗೆ ಒಂದು ಮೈಕ್ರೋಗ್ರಾಂ. ಮಿಲಿಗ್ರಾಂ ಅಲ್ಲ, ಅದರ ಸಾವಿರದ ಒಂದು ಭಾಗ.

ಶ್ವಾಸಕೋಶಕ್ಕೆ ಹೋದದ್ದು ಅಲ್ಲೇ ಇರುತ್ತದೆಯೇ? ಇದನ್ನು ಮನುಷ್ಯರ ಮೇಲೇ ನೋಡಿದವರಿದ್ದಾರೆ. 2017ರಲ್ಲಿ ಪ್ರಕಟವಾದ ಎಡಿನ್‌ಬರೋದ ಇನ್ನೊಂದು ಅಧ್ಯಯನದಲ್ಲಿ 14 ಮಂದಿ ಆರೋಗ್ಯವಂತ ಸ್ವಯಂಸೇವಕರು ಚಿನ್ನದ ನ್ಯಾನೊ ಕಣಗಳನ್ನು ಉಸಿರಾಡಿದರು. ಚಿನ್ನವೇ ಏಕೆ? ಅದು ಸುಲಭವಾಗಿ ಯಾವುದರೊಡನೆಯೂ ಬೆರೆಯುವುದಿಲ್ಲ, ದೇಹದಲ್ಲಿ ಮೊದಲೇ ಇರುವುದೂ ಇಲ್ಲವೆನ್ನುವಷ್ಟು ಕಡಿಮೆ. ಕಂಡರೆ ಅದು ಉಸಿರಿನಿಂದಲೇ ಬಂದದ್ದು. ಒಂದು ದಿನದೊಳಗೆ ಅವರ ರಕ್ತದಲ್ಲೂ ಮೂತ್ರದಲ್ಲೂ ಚಿನ್ನ ಕಾಣಿಸಿಕೊಂಡಿತು. ಮೂರು ತಿಂಗಳ ಮೇಲೂ ಇತ್ತು. ಕೋಲಾರದ ಗಣಿಯಾಳುಗಳ ಎದೆಯಲ್ಲಿ ಉಳಿದದ್ದು ಕಲ್ಲು. ಇಲ್ಲಿ ಪ್ರಯೋಗಕ್ಕಾಗಿ ಎದೆಗೆ ಹೋದದ್ದು ಚಿನ್ನ, ಅದು ರಕ್ತಕ್ಕೂ ದಾಟಿತು. ಇದರಿಂದ ಆ 14 ಮಂದಿಗೆ ಕಾಯಿಲೆ ಬಂತೆಂದು ಅರ್ಥವಲ್ಲ. ದಾರಿ ಇದೆ ಎಂದಷ್ಟೇ ಅರ್ಥ.

ಹೆಸರು ನೋಡಿ ಹೆದರುವವರಿಗೂ ಒಂದು ಕತೆಯಿದೆ. 2006ರ ಮಾರ್ಚಿನಲ್ಲಿ ಜರ್ಮನಿಯಲ್ಲಿ ‘ಮ್ಯಾಜಿಕ್ ನ್ಯಾನೊ’ ಎಂಬ ಬಚ್ಚಲುಮನೆಯ ಸ್ಪ್ರೇ ಬಳಸಿದ ಸುಮಾರು ನೂರು ಮಂದಿ ಉಸಿರಾಟದ ತೊಂದರೆಯೆಂದು ದೂರಿದರು. ಕೆಲವರನ್ನು ಆಸ್ಪತ್ರೆಗೂ ಸೇರಿಸಬೇಕಾಯಿತು. ನ್ಯಾನೊ ತಂತ್ರಜ್ಞಾನದ ಮೊದಲ ಬಲಿಗಳು ಎಂದು ಸುದ್ದಿಯಾಯಿತು. ಪರೀಕ್ಷಿಸಿದರೆ ಡಬ್ಬಿಯಲ್ಲಿ ನ್ಯಾನೊ ಕಣಗಳೇ ಇರಲಿಲ್ಲ! ಆ ಹೆಸರು ಬರೀ ಜಾಹೀರಾತು. ತೊಂದರೆ ಇದ್ದದ್ದು ಒತ್ತಡದ ಡಬ್ಬಿಯಿಂದ ಬರುವ ನುಣ್ಣನೆಯ ತುಂತುರಿನಲ್ಲಿ. ಅದೇ ಕಂಪನಿ ಮೊದಲು ಪಂಪಿನ ಸೀಸೆಯಲ್ಲಿ ಮಾರಿದಾಗ ದೂರು ಬಂದಿರಲಿಲ್ಲ.

ಈಗ ಪ್ರಯೋಗಾಲಯಕ್ಕೆ ವಾಪಸು ಬರೋಣ. ದುಪಟ್ಟಾದ ಮೇಲೆ ಕಾಣುವ ಬಿಳಿ ಧೂಳು ಒಂದೊಂದಾದ ನ್ಯಾನೊ ಕಣಗಳಲ್ಲ. ಸಾವಿರಾರು ಕಣಗಳು ಒಂದಕ್ಕೊಂದು ಅಂಟಿದ ಗಂಟುಗಳು. ನ್ಯಾನೊ ಪುಡಿಗಳಿಗೆ ಹೀಗೆ ಗುಂಪುಗೂಡುವ ಚಟವಿದೆ, ಅದು ನಮ್ಮ ಪುಣ್ಯ. ದೊಡ್ಡ ಗಂಟು ಮೂಗಿನಲ್ಲೇ ನಿಲ್ಲುತ್ತದೆ. ಆದರೆ ಒರಳಿನಲ್ಲಿ ಅರೆಯುವುದು ಆ ಗಂಟುಗಳನ್ನು ಒಡೆಯುವುದಕ್ಕೇ ತಾನೆ? ಅರೆಯುವಾಗ, ತೂಗುವಾಗ, ಶೀಶೆಗೆ ಸುರಿಯುವಾಗ ಕಣ್ಣಿಗೆ ಕಾಣದ್ದು ಗಾಳಿಗೇರುತ್ತದೆ. ಎಷ್ಟೆಂದು ಅಳೆಯುವುದೂ ಸುಲಭವಲ್ಲ. ಕಣಗಳ ಮೇಲೆ ಆಲ್ಕೋಹಾಲಿನ ಆವಿ ಕೂರಿಸಿ, ದಪ್ಪ ಮಾಡಿ, ಬೆಳಕಿನಲ್ಲಿ ಎಣಿಸುವ ಯಂತ್ರವಿದೆ. ಆದರೆ ಕಿಟಕಿಯಾಚೆ ಆಟೋ, ಬಸ್ಸು, ಒಲೆಯ ಹೊಗೆಯಿಂದ ಬರುವ ನ್ಯಾನೊ ಕಣಗಳೂ ಅದರ ಲೆಕ್ಕಕ್ಕೆ ಸಿಗುತ್ತವೆ. ಸೂಪರ್ ಮಾರ್ಕೆಟ್ಟಿನ ಸಂಜೆಯ ಟ್ರಾಫಿಕ್ಕಿನಲ್ಲಿ ಆ ಯಂತ್ರ ಹಿಡಿದು ನಿಂತರೆ ಪ್ರತಿ ಘನ ಸೆಂಟಿಮೀಟರಿಗೆ ಸಾವಿರಗಟ್ಟಲೆ ಎಣಿಸೀತು. ಹಾಗಾಗಿ ಕೆಲಸ ಶುರುವಾಗುವ ಮೊದಲು ಒಮ್ಮೆ, ನಡೆಯುವಾಗ ಒಮ್ಮೆ ಎಣಿಸುತ್ತಾರೆ. ಶೋಧಕದಲ್ಲಿ ಕಣ ಹಿಡಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಮುಖ ನೋಡುತ್ತಾರೆ. ಆಗ ಗೊತ್ತಾಗುತ್ತದೆ, ಬಂದವನು ಮನೆಯವನೋ ಹೊರಗಿನವನೋ ಎಂದು.

ಪ್ರತಿ ಕಾಲೇಜಿನಲ್ಲಿ ಇಂಥ ಯಂತ್ರ ಇರುವುದಿಲ್ಲ. ಇರಬೇಕಾದ್ದೂ ಇಲ್ಲ. ಕೆ.ಜಿ.ಎಫ್.ನಂಥ ಗಣಿಗಳು ದುಬಾರಿ ಬೆಲೆ ತೆತ್ತು ಕಲಿತ ಉಪಾಯ ಒಂದಿದೆ: ಒಣಗಿದ ಕಲ್ಲನ್ನು ಕೊರೆಯುವ ಬದಲು ನೀರು ಹಾಯಿಸುತ್ತ ಕೊರೆಯುವುದು. ಅಂಗಳ ಗುಡಿಸುವ ಮುಂಚೆ ಮನೆಯ ಹೆಂಗಸರು ನೀರು ಚಿಮುಕಿಸುವುದೂ ಇದನ್ನೇ. ಪುಡಿಯನ್ನು ಸಾಧ್ಯವಾದಷ್ಟೂ ನೀರಿನಲ್ಲೋ ದ್ರಾವಕದಲ್ಲೋ ಬೆರೆತಿರುವಂತೆಯೇ ಬಳಸಬೇಕು. ಒಣಪುಡಿಯನ್ನು ಅರೆಯುವುದು, ತೂಗುವುದು ಗಾಳಿ ಎಳೆಯುವ ಕಪಾಟಿನೊಳಗೆ ಆಗಬೇಕು. ಮೇಜಿನ ಮೇಲೆ, ಫ್ಯಾನಿನ ಕೆಳಗೆ ಅಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನು ಆರಿಸಿ ಎನ್ನುವುದು ಕ್ರೂರ ಸಲಹೆ ಎಂದು ನನಗೂ ಗೊತ್ತು. ದುಪಟ್ಟಾದ ಬದಲು ಲ್ಯಾಬ್ ಕೋಟು, ಅದೂ ಮನೆಗೆ ಬರಬಾರದು. ಮೂಗಿಗೆ ಕಟ್ಟಿದ ಕರವಸ್ತ್ರದಿಂದ ಪ್ರಯೋಜನ ಕಡಿಮೆ. ಎನ್-95 ಮುಖಕವಚ ಮಾತ್ರ ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟು ಸಣ್ಣ ಕಣ ಬಟ್ಟೆಯ ತೂತಿನಲ್ಲಿ ನುಸುಳದೇ ಇದ್ದೀತೇ ಎನಿಸುತ್ತದೆ. ಆದರೆ ಗಾಳಿಗೂಡಿನ ಗೋಡೆಗೆ ಅದನ್ನು ತಗಲಿಸಿದ ಅದೇ ಓಲಾಟ ಇಲ್ಲಿ ಕವಚದ ಎಳೆಗಳಿಗೆ ತಗಲಿಸುತ್ತದೆ. ಕಣ ನುಸುಳುವುದು ಹೆಚ್ಚಾಗಿ ಕೆನ್ನೆಯ ಪಕ್ಕದ ಸಂದಿನಿಂದ.

ತಂದೆಯವರ ಕೊನೆಯ ಪ್ರಶ್ನೆ ನ್ಯಾನೊ ಯೂರಿಯಾದ್ದು. ಇಫ್ಕೊ ಸಂಸ್ಥೆ 2021ರಲ್ಲಿ ಮಾರುಕಟ್ಟೆಗೆ ತಂದ ಈ ಅರ್ಧ ಲೀಟರಿನ ಬಾಟಲಿಯನ್ನು ಕಮಲಾಪುರದ ಹೊಲದಲ್ಲಿ ಕಬ್ಬಿಗೆ ಸಿಂಪಡಿಸುತ್ತಾರಂತೆ. ಬೆಳೆಗೆ ಎಷ್ಟು ಲಾಭವೆಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ. ಅದು ಬೇರೆ ವಾರದ ಮಾತು. ಮೂಗಿನ ಮಟ್ಟಿಗೆ ಹೇಳುವುದಾದರೆ, ಇಲ್ಲಿ ನ್ಯಾನೊ ಕಣ ಒಂಟಿಯಾಗಿ ಹಾರುವುದಿಲ್ಲ, ನೀರಿನ ಹನಿಯ ಸವಾರಿ ಮಾಡುತ್ತದೆ. ಬೆನ್ನಿಗೆ ಕಟ್ಟುವ ಪಂಪಿನ ಹನಿಗಳಲ್ಲಿ ಹೆಚ್ಚಿನವು ದಪ್ಪ, ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ನುಣ್ಣನೆ ಮಂಜಿನಂತೆ ತೇಲುವ ಪಾಲು ಇಳಿಯಬಹುದು. ಯೂರಿಯಾ ನೀರಿನಲ್ಲಿ ಕರಗುವ ವಸ್ತು, ಟೈಟಾನಿಯಂ ಡೈಆಕ್ಸೈಡಿನಂತೆ ಎದೆಯಲ್ಲಿ ಕೂತಿರುವ ಕಲ್ಲಲ್ಲ. ಕರಗುವುದು, ಕರಗದಿರುವುದು ಈ ಲೆಕ್ಕದಲ್ಲಿ ಬಹಳ ದೊಡ್ಡ ವ್ಯತ್ಯಾಸ. ಹಾಗಿದ್ದೂ ಬಳಕೆಯ ಸೂಚನೆಯಲ್ಲಿ ಮುಖಕವಚ, ಕೈಗವಸು ಧರಿಸಿ ಸಿಂಪಡಿಸಿ ಎಂದು ಹೇಳಿದೆ. ಗಾಳಿಗೆ ಬೆನ್ನು ಮಾಡಿ ಸಿಂಪಡಿಸುವುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಮಗಳು ಸೋಮವಾರ ಲ್ಯಾಬಿಗೆ ಹೋದಾಗ ಮಾಡಬಹುದಾದ ಕೆಲಸ ಇನ್ನೊಂದಿದೆ. ತಕ್ಕಡಿಯ ತಟ್ಟೆಯ ಸುತ್ತ ಬಿದ್ದ ಪುಡಿಯನ್ನು ಬ್ರಷ್ಷಿನಿಂದ ಗುಡಿಸಬಾರದು, ಊದಲಂತೂ ಬಾರದು. ಒದ್ದೆ ಟಿಶ್ಯೂವಿನಿಂದ ಒರೆಸಿ, ಆ ಟಿಶ್ಯೂವನ್ನು ಒಣಗಲು ಬಿಡದೆ ಮುಚ್ಚಿದ ಚೀಲಕ್ಕೆ ಹಾಕಬೇಕು.